ಬಡಿಸಿದವರು, ಕುಳಿತು ಉಂಡವರು

ಮುಂಬಯಿಯ ಊಟ-ತಿಂಡಿಯ ಮಾತು ಬಂದರೆ ನಮ್ಮ ಕರಾವಳಿಯವರ ಮುಖ ಅರಳುತ್ತದೆ. ಆ ಊರಿಗೆ ಇಡ್ಲಿ-ದೋಸೆಯ ರುಚಿ ಹತ್ತಿಸಿದ್ದೇ ನಮ್ಮವರು ಎಂಬ ಹೆಮ್ಮೆ. ಸುಳ್ಳೇನಲ್ಲ. ಆದರೆ ಆ ಕಥೆಯಲ್ಲಿ ಅಡಿಗೆ ಭಟ್ಟರಿದ್ದಾರೆ, ಮಾಣಿಗಳಿದ್ದಾರೆ, ಗಲ್ಲಾದಲ್ಲಿ ಕುಳಿತ ಧಣಿಗಳಿದ್ದಾರೆ. ಹೆಂಗಸರು ಎಲ್ಲಿದ್ದರು? ಮದುವೆಯಾಗಿ ಹೋಗಿ ಆ ಊರಿನಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ನನ್ನನ್ನು ಈ ಪ್ರಶ್ನೆ ಇನ್ನೂ ಬಿಟ್ಟಿಲ್ಲ.

ಹೊರಗೆ ಉಣ್ಣುವ ಪದ್ಧತಿ ಅಲ್ಲಿ ಬೆಳೆದದ್ದು ಶೋಕಿಗಿಂತ ಹೆಚ್ಚಾಗಿ ಅನಿವಾರ್ಯದಿಂದ. 1850ರ ದಶಕದಲ್ಲಿ ಮೊದಲ ಹತ್ತಿ ಗಿರಣಿ ಶುರುವಾಯಿತು. ಆಮೇಲೆ ಒಂದರ ಹಿಂದೆ ಒಂದು ಗಿರಣಿ ಎದ್ದಂತೆ, ಕೊಂಕಣದಿಂದ, ಘಟ್ಟದ ಮೇಲಿನ ಸಾತಾರಾದಿಂದ ಗಂಡಸರು ಬಂದರು. ಹೆಂಡತಿ-ಮಕ್ಕಳು ಊರಿನಲ್ಲಿ, ಇವರು ಚಾಳಿನ ಒಂದೇ ಖೋಲಿಯಲ್ಲಿ ಹತ್ತಾರು ಜನ. ಇವರ ಹೊಟ್ಟೆ ತುಂಬಿಸಿದ್ದು ಖಾನಾವಳಿ. ಈ ಮಾತು ನಮ್ಮ ಹುಬ್ಬಳ್ಳಿ-ಧಾರವಾಡದವರಿಗೂ ಹೊಸದಲ್ಲ. ಗಿರಣಗಾಂವಿನ ಖಾನಾವಳಿಯೆಂದರೆ ಬೋರ್ಡು, ಬೆಂಚು ಏನೂ ಇಲ್ಲ. ಒಬ್ಬ ಹೆಂಗಸು, ಅವಳ ಒಲೆ, ತಿಂಗಳ ಲೆಕ್ಕದಲ್ಲಿ ಉಣ್ಣುವ ಕಾರ್ಮಿಕರು. ಪಾಳಿಗೆ ಸರಿಯಾಗಿ ಊಟ ಸಿದ್ಧವಾಗಿರಬೇಕು. ಹಣ ಕೈಗೆ ಬರುವುದು ಗಿರಣಿಯ ಸಂಬಳದ ಮೇಲೆ. ಅಲ್ಲಿಯವರೆಗೆ ಅಂಗಡಿಯವನ ಉದ್ದರಿ, ಸಾಹುಕಾರನ ಬಡ್ಡಿ. ಹಾಗಿದ್ದೂ ಈ ದುಡಿಮೆಗೆ ಉದ್ಯೋಗವೆಂಬ ಹೆಸರಿರಲಿಲ್ಲ. ಅಡಿಗೆ ಮಾಡುವುದು ಹೆಂಗಸಿನ ಹುಟ್ಟುಗುಣ ತಾನೇ!

ಇದನ್ನು ಕಣ್ಣಿಟ್ಟು ನೋಡಿದವರು ಪ್ರೇಮಾ ಪುರಾವ್. 1974ರ ಗಿರಣಿ ಮುಷ್ಕರದಲ್ಲಿ ಸಂಬಳ ನಿಂತರೂ ಈ ಹೆಂಗಸರು ಸಾಲ ಮಾಡಿ ಕಾರ್ಮಿಕರಿಗೆ ಊಟ ಹಾಕಿದರು. ಮರುವರ್ಷ, 1975ರಲ್ಲಿ, ಪ್ರೇಮಾ ಅವರು ಕಟ್ಟಿದ ಅನ್ನಪೂರ್ಣಾ ಮಹಿಳಾ ಮಂಡಳ ಇಂಥವರನ್ನು ಒಂದುಗೂಡಿಸಿ ಬ್ಯಾಂಕಿನ ಸಾಲ ಕೊಡಿಸಿತು. ಬಾಗಿಲಿಗೆ ಬರುತ್ತಿದ್ದ ಬಡ್ಡಿಯವನ ಬದಲು ತಾವೇ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಸಣ್ಣ ಸಂಗತಿಯೇ?

ಇನ್ನು ನಮ್ಮ ಉಡುಪಿ ಹೋಟೆಲು. ಮಾಟುಂಗಾ ಸ್ಟೇಷನ್ನಿನ ಬಳಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಬಾಳೆಲೆ ಊಟ, ಸಾರಿನ ಪರಿಮಳ. ಮನೆ ಬಿಟ್ಟು ಬಂದವರಿಗೆ ಇನ್ನೇನು ಬೇಕು? ಇಂಥ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಾ ತುಳುನಾಡಿನ ಎಷ್ಟೋ ಹುಡುಗರು ಬದುಕು ಆರಂಭಿಸಿದರು, ಕನ್ನಡದ ರಾತ್ರಿ ಶಾಲೆಗಳಲ್ಲಿ ಕಲಿತು ಮುಂದೆ ಬಂದರು. ಅವರ ತಾಯಂದಿರು, ಹೆಂಡಂದಿರು? ಊರಿನಲ್ಲಿ ಗದ್ದೆ, ದನ, ಅತ್ತೆ-ಮಾವ ನೋಡಿಕೊಳ್ಳುತ್ತಾ ಅಂಚೆಯವನ ಮನಿಯಾರ್ಡರಿಗೆ ಕಾಯುತ್ತಿದ್ದರು. ಹೋಟೆಲಿನ ಒಲೆ ಗಂಡಸರದಾಗಿತ್ತು. ಅದರ ಬೆನ್ನಿಗಿದ್ದ ಮನೆಯನ್ನು ನಡೆಸಿದವರು ಇವರು.

ಹೆಂಗಸು ಗಿರಾಕಿಯಾಗಿ ಹೋಟೆಲಿಗೆ ಕಾಲಿಟ್ಟದ್ದು ಮತ್ತೊಂದು ಕಥೆ. ಇರಾನಿಗಳ ಚಹದಂಗಡಿಗಳಲ್ಲಿ ಸಂಸಾರಸ್ಥರಿಗೆಂದು ಬೇರೆ ಕೋಣೆಗಳಿರುತ್ತಿದ್ದವು. ನಮ್ಮ ಹೋಟೆಲುಗಳಲ್ಲೂ 'ಫ್ಯಾಮಿಲಿ ರೂಮ್' ಬಂತು. ನಿಮ್ಮ ಊರಿನಲ್ಲೂ ಇದ್ದಿರಬೇಕು: ಮಾಸಿದ ಪರದೆ, ಗಾಳಿಯಿಲ್ಲದ ಮೂಲೆ, ನಾಲ್ಕು ಕುರ್ಚಿ. ನನ್ನ ಅತ್ತೆ ಮೊದಲ ಬಾರಿ ಹೋಟೆಲಿನ ಮಸಾಲೆ ದೋಸೆ ತಿಂದದ್ದು ಅಂಥದೇ ಕೋಣೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ. "ರುಚಿ ನೆನಪಿಲ್ಲ ಮಾರಾಯ್ತಿ. ಬಿಸಿ ಇತ್ತು, ಅದು ನೆನಪಿದೆ. ನಾನು ಕೂತಿರುವಾಗ ಇನ್ನೊಬ್ಬರು ದೋಸೆ ತಂದಿಟ್ಟದ್ದು ಅದೇ ಮೊದಲು" ಎನ್ನುತ್ತಿದ್ದರು. ಹೋಟೆಲಿನ ಬಗ್ಗೆ ಇದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ. ಮುಂದೆ ಆಫೀಸು, ಬ್ಯಾಂಕುಗಳಲ್ಲಿ ದುಡಿಯುವ ಹೆಂಗಸರು ಹೆಚ್ಚಿದರು. ಒಬ್ಬಳೇ ಹೋಗಿ ಒಂದು ಪ್ಲೇಟು ಇಡ್ಲಿ ತಿಂದು ಬರಲು ಮದ್ಯವಿಲ್ಲದ, ಶುಚಿಯಾದ ಈ ಹೋಟೆಲುಗಳು ಧೈರ್ಯ ಕೊಟ್ಟವು. ಪರದೆ ತಾನಾಗಿಯೇ ಸರಿಯಿತು.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಗಿರಣಿ ಕಾರ್ಮಿಕರು ಮತ್ತೆ ಮುಷ್ಕರ ಹೂಡಿದರು. ಸುಮಾರು ಎರಡೂವರೆ ಲಕ್ಷ ಜನರ ಕೆಲಸ ನಿಂತಿತು. ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಉಣ್ಣುವವರು ಚದುರಿದ ಮೇಲೆ ಖಾನಾವಳಿಯ ಒಲೆಗಳೂ ತಣ್ಣಗಾದವು. ಕೆಲಸ ಕಳೆದುಕೊಂಡ ಎಷ್ಟೋ ಮನೆಯವರು ವಡಾಪಾವಿನ ಗಾಡಿ ಇಟ್ಟು ಬದುಕಿದರು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಜಾಗದಲ್ಲಿ ಈಗ ಮಾಲ್ ಇದೆ. ಅಲ್ಲಿ ಹುಡುಗಿಯರು ಗುಂಪಾಗಿ ಕುಳಿತು, ನಕ್ಕು, ತಿಂದು, ಬಿಲ್ಲನ್ನು ತಾವೇ ಕೊಟ್ಟು ಎದ್ದು ಹೋಗುತ್ತಾರೆ. ನೋಡಿದರೆ ಸಂತೋಷವಾಗುತ್ತದೆ. ಅದೇ ಆಸುಪಾಸಿನ ಚಾಳುಗಳಲ್ಲಿ ಸಾಲ ಮಾಡಿ ಅನ್ನ ಬೇಯಿಸಿದವಳ ಹೆಸರು ಎಲ್ಲೂ ಬರೆದಿಲ್ಲವಲ್ಲ ಎಂದು ಸಂಕಟವೂ ಆಗುತ್ತದೆ.

ಹೋಟೆಲಿನಲ್ಲಿ ಹೆಂಗಸಿಗೆ ಕುರ್ಚಿ ಸಿಕ್ಕಲು ಇಷ್ಟು ಕಾಲ ಹಿಡಿಯಿತು. ಮನೆಯಲ್ಲಿ? ಭಾನುವಾರದ ಬೆಳಿಗ್ಗೆ ಎಲ್ಲರಿಗೂ ದೋಸೆ ಹುಯ್ದು ಮುಗಿಸಿ, ಕಾವಲಿ ಆರುವ ಹೊತ್ತಿಗೆ ತಟ್ಟೆ ಹಿಡಿಯುವವರು ಈಗಲೂ ನಾವೇ. ಮುಂದಿನ ಭಾನುವಾರ ಮೊದಲ ಬಿಸಿ ದೋಸೆಗೆ ನೀವೇ ಕುಳಿತು ನೋಡಿ. ಹುಯ್ಯಲು ಯಾರಾದರೂ ಎದ್ದೇ ಏಳುತ್ತಾರೆ.