ಲೆಡ್ಜರ್ ಬರೆದವರು, ಕೋಡ್ ಬರೆದವರು

ನಮ್ಮ ಆರ್.ಟಿ. ನಗರದ ಕಡೆ ಎರಡು ತಲೆಮಾರಿನ 'ಬ್ಯಾಂಕಿನವರು' ಸಿಗ್ತಾರೆ. ಮೊದಲನೆಯವರು ಬಿ.ಎಸ್.ಆರ್.ಬಿ. ಪರೀಕ್ಷೆ ಬರೆದು ಕೆನರಾ, ವಿಜಯಾ, ಸಿಂಡಿಕೇಟ್ ಬ್ಯಾಂಕು ಸೇರಿ, ಈಗ ನಿವೃತ್ತರಾಗಿ ಬೆಳಿಗ್ಗೆ ವಾಕಿಂಗ್ ಹೋಗುವವರು. ಎರಡನೆಯವರು ಅವರ ಮಕ್ಕಳು. ಹಣಕಾಸು ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯಲು ಹೆಬ್ಬಾಳ ದಾಟಿ ಮಾನ್ಯತಾ ಟೆಕ್ ಪಾರ್ಕಿಗೋ, ಟ್ರಾಫಿಕ್ಕಿನಲ್ಲಿ ಬೆಂದು ಬೆಳ್ಳಂದೂರಿಗೋ ಹೋಗುವವರು. ಈ ಇಬ್ಬರ ಕೆಲಸಕ್ಕೂ ಸಂಬಳಕ್ಕೂ ಇರುವ ನಂಟು ನನಗೆ ಬಹಳ ದಿನದಿಂದ ಕುತೂಹಲ ಹುಟ್ಟಿಸಿದೆ.

ಕಥೆ 1983ಕ್ಕೆ ಹೋಗುತ್ತೆ. ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತೆ ಅಂತ ಬ್ಯಾಂಕ್ ನೌಕರರ ಸಂಘಗಳು ವಿರೋಧಿಸುತ್ತಿದ್ದ ಕಾಲ ಅದು. ಆ ವರ್ಷ ಬ್ಯಾಂಕುಗಳಿಗೂ ಸಂಘಗಳಿಗೂ ಒಂದು ಒಪ್ಪಂದವಾಯಿತು: ಯಂತ್ರಗಳು ಬರಲಿ, ಆದರೆ ಮಿತಿಯಲ್ಲಿ, ಯಂತ್ರದ ಮುಂದೆ ಕೂರುವ ಗುಮಾಸ್ತರಿಗೆ ಸಂಬಳದ ಮೇಲೆ ವಿಶೇಷ ಭತ್ಯೆ ಸಿಗಲಿ. ಮರುವರ್ಷ ರಿಸರ್ವ್ ಬ್ಯಾಂಕಿನ ಸಿ. ರಂಗರಾಜನ್ ಸಮಿತಿಯ ವರದಿಯೂ ಬಂತು. ಅಂದರೆ, ಬ್ಯಾಂಕಿನ ಕೆಲಸ ಗೊತ್ತಿದ್ದವನಿಗೆ ಕಂಪ್ಯೂಟರ್ ಅನ್ನೋದು ಸಂಬಳದ ಮೇಲಿನ ಒಂದು ಸಣ್ಣ ಭತ್ಯೆ ಅಷ್ಟೇ!

ತಮಾಷೆ ನೋಡಿ, ಅದೇ 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. ಅದು ಮಾಡಿದ ಬ್ಯಾಂಕ್ಸ್ 2000 ಮುಂದೆ ಫಿನಾಕಲ್ ಆಯಿತು, ವಿಜಯಾ ಬ್ಯಾಂಕಿಗೂ ಬಂತು. ಐ-ಫ್ಲೆಕ್ಸ್ ಕಂಪನಿಯ ಫ್ಲೆಕ್ಸ್‌ಕ್ಯೂಬ್ ಕೆನರಾ, ಸಿಂಡಿಕೇಟ್ ಎರಡಕ್ಕೂ ಹೋಯಿತು. 2020ರಲ್ಲಿ ಅವೆರಡೂ ವಿಲೀನವಾದಾಗ ಇದು ಒಂದು ಅನುಕೂಲವೇ ಆಯಿತು. ಈ ನಡುವೆ 2000-01ರಲ್ಲಿ ಸರ್ಕಾರಿ ಬ್ಯಾಂಕುಗಳ ಸುಮಾರು 1 ಲಕ್ಷ ನೌಕರರು ಸ್ವಯಂನಿವೃತ್ತಿ ಪಡೆದರು. ಬಿ.ಎಸ್.ಆರ್.ಬಿ.ಗಳೂ ಮುಚ್ಚಿದವು. ಲೆಕ್ಕ ಉಲ್ಟಾ ಆಯಿತು ಅನ್ನಿ. ಈಗ ಕೋಡಿಂಗೇ ಮೂಲ ಸಂಬಳ, ಬ್ಯಾಂಕಿಂಗ್ ಗೊತ್ತಿದ್ದರೆ ಅದು ಮೇಲಿನ ಭತ್ಯೆ!

ಭತ್ಯೆ ಅಂತ ಸುಮ್ಮನೆ ಹೇಳಿದ್ದಲ್ಲ. ಯಲಹಂಕದ ಸುತ್ತ ಎಷ್ಟೊಂದು ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಂದ ದೊಡ್ಡ ಸರ್ವಿಸ್ ಕಂಪನಿಗೆ ಸೇರುವ ಹೊಸಬರ ಸಂಬಳ ಹತ್ತಕ್ಕೂ ಹೆಚ್ಚು ವರ್ಷ ವಾರ್ಷಿಕ ಮೂರು, ಮೂರೂವರೆ ಲಕ್ಷದ ಆಸುಪಾಸಲ್ಲೇ ನಿಂತಿತ್ತು. ಮನೆ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಪಾವತಿ ಕಂಪನಿಗಳು ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತವೆ, ಆದರೆ ಅವುಗಳ ಸಂದರ್ಶನವೇ ಬೇರೆ. ಅಲ್ಗಾರಿದಮ್ ಜೊತೆಗೆ ಇಂಥ ಪ್ರಶ್ನೆಯೂ ಬರುತ್ತೆ: ನೆಟ್‌ವರ್ಕ್ ಕೈಕೊಟ್ಟು ಒಂದೇ ಪಾವತಿಯ ಕೋರಿಕೆ ಎರಡು ಸಲ ಬಂದರೆ, ಹಣ ಒಂದೇ ಸಲ ಕಡಿತವಾಗುವಂತೆ ಹೇಗೆ ಮಾಡ್ತೀರಿ? ಖರ್ಚು-ಜಮಾ ಎರಡೂ ಬದಿ ತಾಳೆಯಾಗುವ ಲೆಡ್ಜರ್ ಹೇಗೆ ಕಟ್ತೀರಿ?

2016ರಲ್ಲಿ ಯುಪಿಐ ಶುರುವಾದ ಮೇಲೆ ಇದು ಬರೀ ಪಾಠದ ಪ್ರಶ್ನೆಯಾಗಿ ಉಳಿದಿಲ್ಲ. ಯುಪಿಐನಲ್ಲಿ ಒಬ್ಬರ ಖಾತೆಯಿಂದ ಹಣ ಹೋಗಿ ಇನ್ನೊಬ್ಬರಿಗೆ ಜಮಾ ಆಗದಿದ್ದರೆ ಮರುದಿನದೊಳಗೆ ವಾಪಸ್ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2019ರಲ್ಲೇ ನಿಯಮ ಮಾಡಿದೆ. ಸಂಜೆ ಶಾಖೆಯ ಬಾಗಿಲು ಹಾಕಿ, ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗದೆ ಕೂರುತ್ತಿದ್ದ ಗುಮಾಸ್ತರ ಕೆಲಸವೇ ಅಲ್ಲವೇ ಇದು?

ಒಂದು ವಿಷಯದಲ್ಲಿ ಮಾತ್ರ ಹಳಬರೇ ಅದೃಷ್ಟವಂತರು. ಬ್ಯಾಂಕಿನ ಸಂಬಳ ಸಂಘ ಮಾಡಿಕೊಂಡ ಒಪ್ಪಂದ, ಕ್ಲರ್ಕಿನ ಸ್ಕೇಲ್ ಬೀದಿಗೆಲ್ಲ ಗೊತ್ತಿತ್ತು. ಈಗಿನ ಸಿಟಿಸಿ ಗುಟ್ಟಿನ ಗಂಟು. ಅದರಲ್ಲಿ ಖಾತ್ರಿ ಸಂಬಳ ಇರುತ್ತೆ, ಬಂದರೂ ಬರಬಹುದಾದ ಬೋನಸ್ ಇರುತ್ತೆ, ಮಾರುವ ತನಕ ಕಾಗದವಾಗಿಯೇ ಇರುವ ಷೇರು ಇರುತ್ತೆ. ಷೇರಿಂದ ದುಡ್ಡಾಗೋದೇ ಇಲ್ಲ ಅಂತಲ್ಲ. ಫೋನ್‌ಪೇ ಬೇರ್ಪಟ್ಟಾಗ ಫ್ಲಿಪ್‌ಕಾರ್ಟ್ ತನ್ನ ಷೇರು-ಹಕ್ಕು ಇದ್ದವರಿಗೆ 2023ರಲ್ಲಿ ಸುಮಾರು 70 ಕೋಟಿ ಡಾಲರ್ ಕೊಟ್ಟಿತು. ಆದರೆ ಅದನ್ನು ನೆಚ್ಚಿಕೊಂಡು ಮನೆ ಸಾಲ ಮಾಡಬೇಡಿ. ಮೊದಲು ತಿಂಗಳಿಗೆ ಕೈಗೆ ಬರೋದೆಷ್ಟು ಅಂತ ಕೇಳಿ.

ಸಂದರ್ಶನಕ್ಕೆ ಓದುತ್ತಿರುವ ಹುಡುಗ ಹುಡುಗಿಯರಿಗೆ ನಾನು ಹೇಳೋದು ಇಷ್ಟೇ: ಮನೆಯಲ್ಲೋ ಪಕ್ಕದಲ್ಲೋ ಹಳೇ ಬ್ಯಾಂಕ್ ಗುಮಾಸ್ತರಿದ್ದರೆ ಒಂದು ಭಾನುವಾರ ಕಾಫಿ ಕುಡೀತಾ ಡೇಬುಕ್ ತಾಳೆ ಮಾಡೋದು ಹೇಗೆ ಅಂತ ಕೇಳಿ. ಯಾವ ಕೋಚಿಂಗಿನಲ್ಲೂ ಅದನ್ನು ಅಷ್ಟು ಚೆನ್ನಾಗಿ ಹೇಳಿಕೊಡಲ್ಲ. ಹಾಗೇ, ನಿಮ್ಮ ಮನೆಯ ಬ್ಯಾಂಕಿನವರಿಗೆ ಮೊದಲ ಕಂಪ್ಯೂಟರ್ ಬಂದಾಗ ಏನನ್ನಿಸಿತ್ತು? ನೀವೂ ಬರೀರಿ, ಓದೋಣ.