ಕಪ್ಪೆ ಕೂಗಿದ ರಾತ್ರಿಯ ಮಳೆ ಯಾವ ತಾರೀಖಿನದು?

1. ಮಲೆನಾಡಿನಲ್ಲಿ ಕಪ್ಪೆಗಳನ್ನು ಹುಡುಕಿದವರ ಕ್ಷೇತ್ರಪುಸ್ತಕಗಳಲ್ಲಿ ‘ಮಳೆ ಬಂದ ರಾತ್ರಿ’ ಎಂಬ ನಮೂದು ಸಾಮಾನ್ಯ. ಆ ಮಳೆ ಎಷ್ಟೆಂದು ತಿಳಿಯಲು ಹತ್ತಿರದ ಮಳೆಮಾಪಕದ ದಾಖಲೆಯಲ್ಲಿ ಅದೇ ತಾರೀಖಿನ ಅಂಕಿಯನ್ನು ನೋಡುವುದುಂಟು. ಅಲ್ಲಿ ಒಂದು ದಿನದ ವ್ಯತ್ಯಾಸ ನುಸುಳುವ ಸಂಭವವಿದೆ.

2. ಭಾರತ ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8:30ಕ್ಕೆ ಕೊನೆಗೊಳ್ಳುವ 24 ಗಂಟೆಗಳ ಮಳೆ, ಅಳೆದ ದಿನದ ಲೆಕ್ಕಕ್ಕೆ ಸೇರುತ್ತದೆ. ಜೂನ್ 9ರಂದು ರಾತ್ರಿ 7ರಿಂದ 10ರವರೆಗೆ ಹುಡುಕಾಟ ನಡೆದಿದೆ ಎಂದುಕೊಳ್ಳೋಣ. ಜೂನ್ 9ರ ಅಂಕಿ ಆ ಹುಡುಕಾಟಕ್ಕೆ ಹತ್ತೂವರೆ ಗಂಟೆ ಮೊದಲೇ ಮುಗಿದ ಅವಧಿಯದು. ಸಂಜೆಯ ಮಳೆ ಇರುವುದು ಜೂನ್ 10ರ ಸಾಲಿನಲ್ಲಿ. ಆದರೆ ಹುಡುಕಾಟ ಮುಗಿದ ಮೇಲೆ ಸುರಿದದ್ದೂ ಅದೇ ಮೊತ್ತದಲ್ಲಿ ಬೆರೆತಿರುತ್ತದೆ. ನಡುರಾತ್ರಿ ದಾಟಿ ಕಂಡ ಪ್ರಾಣಿಗೆ ಮರುದಿನದ ತಾರೀಖು ಹಾಕಿದವರ ಲೆಕ್ಕ ಮಾತ್ರ ದಾಖಲೆಗೆ ತಾನಾಗಿ ಹೊಂದುತ್ತದೆ. ಒಂದೇ ಕ್ಷೇತ್ರಪುಸ್ತಕದಲ್ಲಿ ಎರಡೂ ಬಗೆಯ ನಮೂದುಗಳಿದ್ದರೆ ಎಲ್ಲವನ್ನೂ ಒಂದು ದಿನ ಮುಂದಕ್ಕೆ ಸರಿಸುವುದು ಪರಿಹಾರವಲ್ಲ. ತಾರೀಖು ಹೊಂದಿದ ಮೇಲೂ ಇನ್ನೊಂದು ತೊಡಕಿದೆ: ಇಲಾಖೆಯ ‘ಮಳೆದಿನ’ವೆಂದರೆ ಕನಿಷ್ಠ 2.5 ಮಿ.ಮೀ. ಮಳೆಯಾದ ದಿನ; ಅದಕ್ಕಿಂತ ಕಡಿಮೆ ಮಳೆಗೂ ತರಗೆಲೆ ನೆನೆಯಬಹುದು, ಕಪ್ಪೆ ಹೊರಬರಬಹುದು.

3. ಈ ವ್ಯತ್ಯಾಸದ ಪರಿಣಾಮ ಎಲ್ಲ ಪ್ರಭೇದಗಳಿಗೂ ಸಮನಾಗಿರಲಾರದು. ಗೋಂಕರುಕಪ್ಪೆಯ ಗಂಡುಗಳು ಹಳದಿ ಬಣ್ಣ ತಳೆದು ಒಟ್ಟಾಗಿ ಕೂಗುವುದು ಬಹುಮಟ್ಟಿಗೆ ಮೊದಲ ಜೋರುಮಳೆಗಳ ಹಿಂದೆಯೇ. ಇಲ್ಲಿ ಒಂದು ದಿನ ತಪ್ಪಿದರೆ ಸಂಬಂಧವೇ ಮಸುಕಾದೀತು. 2014ರಲ್ಲಿ ವಿವರಿಸಲಾದ, ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆ ಹರಿಯುವ ಹಳ್ಳಗಳದು. ಅದರ ಮಟ್ಟಿಗೆ ಒಂದು ರಾತ್ರಿಯ ಮಳೆಗಿಂತ ಹಳ್ಳದ ನೀರಿನ ಮಟ್ಟ ಹೆಚ್ಚು ಉಪಯುಕ್ತ ಅಳತೆ ಆಗಿರಬಹುದು.

4. ಹಳೆಯ ಟಿಪ್ಪಣಿಗಳಲ್ಲಿ ತಾರೀಖಿನ ಬದಲು ‘ಮೃಗಶಿರ ಹಿಡಿದ ರಾತ್ರಿ’ ಎಂದಿರುವುದುಂಟು. ಪಂಚಾಂಗದಲ್ಲಿ ಅದು ಈಗ ಜೂನ್ 8ರ ಸುಮಾರಿಗೆ ತೊಡಗುವ ಸುಮಾರು ಎರಡು ವಾರ. ಆಡುಮಾತಿನಲ್ಲಿ ಆ ಅವಧಿಯಲ್ಲಿ ನಿಜಕ್ಕೂ ಸುರಿದ ಮಳೆಯನ್ನೂ ಹಾಗೆಯೇ ಕರೆಯುತ್ತಾರೆ. ಬರೆದವರ ಮನಸ್ಸಿನಲ್ಲಿದ್ದ ಅರ್ಥ ಖಚಿತವಾಗದಿದ್ದರೆ ತಾರೀಖಿನ ಕಾಲಂ ಖಾಲಿ ಬಿಡುವುದು ಮೇಲು. ನಕ್ಷತ್ರಗಳನ್ನು ಆಧರಿಸಿದ ಪಂಚಾಂಗದ ನಿರಯನ ಗಣನೆಯೇ ಸುಮಾರು 72 ವರ್ಷಗಳಿಗೆ ಒಂದು ದಿನ ಸರಿಯುವುದರಿಂದ, ಶತಮಾನದ ಹಿಂದಿನ ನಮೂದಿಗೆ ಇಂದಿನ ಪಂಚಾಂಗದ ತಾರೀಖು ಹೊಂದಿಸುವಾಗ ಒಂದೆರಡು ದಿನಗಳ ಅಂಚು ಉಳಿಸಿಕೊಳ್ಳಬೇಕು.

5. ಸರೀಸೃಪಗಳ ವಿಷಯದಲ್ಲಿ ಮಳೆಯೊಂದನ್ನೇ ಮುಂದಿಡುವುದು ಸಾಧುವೆನಿಸುವುದಿಲ್ಲ. ಹಾರುವ ಓತಿ ಹಗಲಿನ ಪ್ರಾಣಿ. ಬಿಸಿಲನ್ನು ಗುರುತಿಸದ ನಮೂದು ಅದರ ಮಟ್ಟಿಗೆ ಅಪೂರ್ಣ. ಕಾಳಿಂಗ ಸರ್ಪ ತರಗೆಲೆಯ ಗೂಡು ಕಟ್ಟುವುದು ಮುಂಗಾರಿಗೆ ಮುನ್ನ. ಮಳೆಯ ಬೆನ್ನಿಗೆ ಹಾವುಗಳು ಹೆಚ್ಚು ಕಂಡರೆ ಬಿಲಕ್ಕೆ ನೀರು ನುಗ್ಗಿದ್ದು, ಕಪ್ಪೆಗಳ ಓಡಾಟ, ಹುಡುಕುವವರ ಸಂಖ್ಯೆ ಇವುಗಳಲ್ಲಿ ಯಾವುದು ಕಾರಣವೆಂದು ಮಳೆಯ ಅಂಕಿಯೊಂದರಿಂದ ಬೇರ್ಪಡಿಸಲಾಗದು.

6. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆ ದಾಖಲಿಸುತ್ತವೆ. ಅವು ಸಮೀಪದಲ್ಲಿದ್ದರೆ 8:30ರ ತೊಡಕು ಬಹುಪಾಲು ನೀಗುತ್ತದೆ. ಇಲ್ಲದ ಕಡೆ ಹುಡುಕಾಟ ತೊಡಗಿದ ಹಾಗೂ ಮುಗಿದ ಗಂಟೆ, ಮಳೆ ನಿಂತ ಹೊತ್ತು, ಗಾಳಿ, ಉಷ್ಣಾಂಶ, ತೇವಾಂಶ ಇವಿಷ್ಟನ್ನೂ ಸ್ಥಳದಲ್ಲೇ ಬರೆಯಬೇಕಾಗುತ್ತದೆ. ಒಂದು ಕಪ್ಪೆಯೂ ಕೂಗದ ರಾತ್ರಿಗೂ ಇದೇ ಕ್ರಮ.