ಬೌದ್ಧ ಗ್ರಂಥದಿಂದ ಗಡಿರೇಖೆಯವರೆಗೆ: ಭಾರತದಲ್ಲಿ ಚೀನಾ ಅಧ್ಯಯನ

ನಮ್ಮ ವಿಶ್ವವಿದ್ಯಾಲಯಗಳು ಚೀನಾದ ಕಡೆ ಮೊದಲು ನೋಡಿದ್ದು ಚೀನಾಕ್ಕಾಗಿ ಅಲ್ಲ, ನಮ್ಮದೇ ಕಳೆದುಹೋದ ಪುಸ್ತಕಗಳಿಗಾಗಿ. ಸಂಸ್ಕೃತ ಮೂಲ ನಾಶವಾಗಿ ಚೀನೀ ಅನುವಾದದಲ್ಲಷ್ಟೇ ಉಳಿದ ಬೌದ್ಧ ಕೃತಿಗಳು ಎಷ್ಟೋ ಇವೆ. 1921ರಲ್ಲಿ ಶಾಂತಿನಿಕೇತನಕ್ಕೆ ಬಂದ ಫ್ರೆಂಚ್ ವಿದ್ವಾಂಸ ಸಿಲ್ವೇನ್ ಲೆವಿ ಅಲ್ಲಿ ಚೀನೀ ಪಾಠ ಶುರುಮಾಡಿದರು. ಅವರ ಬಳಿ ಕಲಿತ ಪ್ರಬೋಧಚಂದ್ರ ಬಾಗ್ಚಿ ಪ್ಯಾರಿಸ್‌ನಲ್ಲಿ ಓದು ಮುಂದುವರಿಸಿದರು. ನೆರೆಮನೆಯವರ ಭಾಷೆ ಕಲಿಯಲು ಯುರೋಪ್ ಸುತ್ತಿ ಬರಬೇಕಾಗಿದ್ದ ಕಾಲ ಅದು.

ಈ ಓದಿಗೆ ಸ್ವಂತ ಸೂರು ಸಿಕ್ಕಿದ್ದು ತಾನ್ ಯುನ್-ಶಾನ್ ಅವರಿಂದ. ರವೀಂದ್ರನಾಥ ಠಾಕೂರರ ಕರೆಗೆ ಓಗೊಟ್ಟು 1928ರಲ್ಲಿ ಶಾಂತಿನಿಕೇತನಕ್ಕೆ ಬಂದ ಈ ತರುಣ ಅಧ್ಯಾಪಕ, ಮುಂದೆ ಚೀನಾದಲ್ಲಿ ಊರೂರು ತಿರುಗಿ ಹಣ, ಪುಸ್ತಕ ಕೂಡಿಸಿದರು. 1937ರ ಏಪ್ರಿಲ್ 14ರಂದು ಅಲ್ಲಿನ ವಿಶ್ವಭಾರತಿಯಲ್ಲಿ ಚೀನಾ ಭವನ ಶುರುವಾಯಿತು. ಮೂರೇ ತಿಂಗಳಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧ ಹೂಡಿತು. ಹಣ ಕೊಟ್ಟ ದೇಶ ಹೊತ್ತಿ ಉರಿಯುತ್ತಿದ್ದಾಗಲೂ ಇಲ್ಲಿ ಸೂತ್ರ, ಶಾಸ್ತ್ರಗಳ ಪಾಠ ನಿಲ್ಲಲಿಲ್ಲ. 1942ರಲ್ಲಿ ರಾಷ್ಟ್ರವಾದಿ ಚೀನಾದ ನಾಯಕ ಚಿಯಾಂಗ್ ಕೈ-ಶೇಕ್ ಬಂದರು, 1957ರಲ್ಲಿ ಕಮ್ಯೂನಿಸ್ಟ್ ಚೀನಾದ ಪ್ರಧಾನಿ ಚೌ ಎನ್‌-ಲೈ. ಪರಸ್ಪರ ಶತ್ರುಗಳಾದ ಇಬ್ಬರಿಗೂ ಆ ಅಂಗಳ ತೆರೆದಿತ್ತು. ಆದರೆ ಮಾವೋ ಕಟ್ಟುತ್ತಿದ್ದ ಚೀನಾದ ಬಗ್ಗೆ ಆ ಗ್ರಂಥಾಲಯ ಹೇಳಬಲ್ಲದ್ದು ಕಡಿಮೆ.

ಆ ಕೊರತೆ ಎಷ್ಟೆಂದು ತಿಳಿದದ್ದು 1962ರಲ್ಲಿ. ಚೀನಾದೊಡನೆ ಯುದ್ಧ ಸೋತ ಮೇಲೆ ದೆಹಲಿಗೆ ಎದುರಾಳಿಯನ್ನು ಓದಬಲ್ಲವರು ಬೇಕೆನಿಸಿತು. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಚೀನಾ ಅಧ್ಯಯನ ಕೇಂದ್ರ ಹುಟ್ಟಿತು; ಅಮೆರಿಕದ ಫೋರ್ಡ್ ಪ್ರತಿಷ್ಠಾನ ನೆರವಾಯಿತು. ಅದೇ ವರ್ಷ ‘ಚೀನಾ ರಿಪೋರ್ಟ್’ ಪತ್ರಿಕೆಯೂ ಹೊರಟಿತು. ಅಮೆರಿಕದಲ್ಲೂ ಹೀಗೇ ಆಗಿತ್ತು: ಹಾರ್ವರ್ಡ್‌ನಲ್ಲಿ ಇತಿಹಾಸಕಾರ ಜಾನ್ ಫೇರ್‌ಬ್ಯಾಂಕ್ 1955ರಲ್ಲೇ ಇಂಥ ಕೇಂದ್ರ ಕಟ್ಟಿದ್ದರು, ಅದೂ ಚೀನೀ ಸೇನೆಯೊಡನೆ ಕಾದಾಡಿದ ಕೊರಿಯಾ ಯುದ್ಧ ಮುಗಿದ ಬೆನ್ನಿಗೇ. ಇತ್ತ, ಚೀನೀ ಕಲಿಯಿರೆಂದು ಹಣ ಕೊಡುತ್ತಿದ್ದ ಸರ್ಕಾರವೇ ಅದನ್ನು ಮನೆಮಾತಾಗಿ ಆಡುತ್ತಿದ್ದ ಅಸ್ಸಾಂ, ಬಂಗಾಳದ ಕುಟುಂಬಗಳನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿತ್ತು.

ಪ್ರಶ್ನೆಗಳು ಬದಲಾದವು: ಕಮ್ಯೂನಿಸ್ಟ್ ಪಕ್ಷ, ಸಾಮೂಹಿಕ ಕೃಷಿಯ ಕಮ್ಯೂನು, ಗಡಿ. ಉತ್ತರ ಹುಡುಕಲು ಅಲ್ಲಿಗೆ ಹೋಗುವಂತಿರಲಿಲ್ಲ. 1976ರವರೆಗೆ ಎರಡೂ ದೇಶಗಳಲ್ಲಿ ರಾಯಭಾರಿಗಳೇ ಇರಲಿಲ್ಲ. ಹಳ್ಳಿಯನ್ನೇ ಕಾಣದೆ ಕಮ್ಯೂನಿನ ಬಗ್ಗೆ ಪ್ರಬಂಧ ಬರೆದ ಪೀಳಿಗೆ ಅದು. ಆ ಬರಹಗಳಲ್ಲಿ ಪಕ್ಷದ ಸಭೆ, ಠರಾವುಗಳೇ ತುಂಬಿದ್ದರೆ ಅಚ್ಚರಿಯಿಲ್ಲ. ಆದರೂ 1969ರಲ್ಲಿ ದೆಹಲಿಯಲ್ಲಿ ಸೇರತೊಡಗಿದ ಅಧ್ಯಯನ ಗುಂಪು ಪ್ರಾಧ್ಯಾಪಕ, ರಾಜತಂತ್ರಜ್ಞ, ಪತ್ರಕರ್ತರನ್ನು ಒಂದೇ ಮೇಜಿಗೆ ಕೂರಿಸಿತು. 1990ರಲ್ಲಿ ಅದೇ ಚೀನಾ ಅಧ್ಯಯನ ಸಂಸ್ಥೆಯಾಯಿತು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ತಾನ್ ಯುನ್-ಶಾನ್ ಅವರ ಮಗ ತಾನ್ ಚುಂಗ್ ಭಾಷೆ, ಇತಿಹಾಸ ಕಲಿಸಿದರು. ಅಲ್ಲೇ ಇದ್ದ ಜಿ.ಪಿ. ದೇಶಪಾಂಡೆ ಮರಾಠಿ ನಾಟಕಕಾರರೂ ಹೌದು. ಸಿದ್ಧಾಂತದ ಜಗಳ ಮನುಷ್ಯರನ್ನು ಏನು ಮಾಡುತ್ತದೆಂದು ಅವರಿಗೆ ಬರೀ ಪುಸ್ತಕದಿಂದ ತಿಳಿಯಬೇಕಿರಲಿಲ್ಲ.

1988ರಲ್ಲಿ ರಾಜೀವ್ ಗಾಂಧಿ ಬೀಜಿಂಗಿಗೆ ಹೋದ ಮೇಲೆ ದಾರಿ ತೆರೆಯಿತು. ವ್ಯಾಪಾರ, ತಂತ್ರಜ್ಞಾನ ಓದಿನೊಳಗೆ ಬಂದವು. ಮದ್ರಾಸ್ ಐಐಟಿಯಲ್ಲೂ ಚೀನಾ ಅಧ್ಯಯನ ಕೇಂದ್ರ ಎದ್ದಿತು.

2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಎರಡೂ ದೇಶಗಳ ಸೈನಿಕರ ಘರ್ಷಣೆ ನಡೆಯಿತು. ಮುಂದಿನ ತಿಂಗಳು ಬಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಶಾಲೆಯಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳ ಉದಾಹರಣೆಗಳ ನಡುವೆ ಕೊರಿಯನ್, ಜಪಾನೀಸ್, ಥಾಯ್ ಇದ್ದವು. ಹಿಂದಿನ ವರ್ಷದ ಕರಡಿನಲ್ಲಿದ್ದ ಚೀನೀ ಇರಲಿಲ್ಲ. ಕಲಿಸಕೂಡದೆಂದು ನೀತಿ ಹೇಳಿಲ್ಲ, ನಿಜ. ಆದರೆ 1962ರ ಪೆಟ್ಟು ತಿಂದವರು ಎರಡೇ ವರ್ಷದಲ್ಲಿ ಅದನ್ನು ಕಲಿಸಲು ಕೇಂದ್ರ ತೆರೆದಿದ್ದರು.